ಆಸ್ಪತ್ರೆಯ ಮೆಟ್ಟಿಲೇರಿದ ಮಡದಿ: ಶ್ರೀಮತಿ ಲೋಯಿಸ್ ವಿಲ್ಸನ್

ಕುಡಿತ ಬಿಡಿಸುವ ಆಸ್ಪತ್ರೆಯ ಬಾಗಿಲಲ್ಲಿ ಭೇಟಿಯ ವೇಳೆಗಾಗಿ ಕಾದು ನಿಂತವರನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಕೆಲವರು ತಾವೇ ಅಲ್ಲಿ ನಿಂತಿರಲೂಬಹುದು. ನಿಂತಿದ್ದರೂ ಊರಿನವರೊಡನೆ ಹೇಳಿಕೊಂಡಿರಲಾರರು. ಕೈಯಲ್ಲಿ ಒಗೆದು ಮಡಿಸಿದ ಬಟ್ಟೆಯ ಚೀಲ, ಮನೆಯಿಂದ ಕಟ್ಟಿ ತಂದ ಬುತ್ತಿ, ಮುಖದಲ್ಲಿ ಭರವಸೆ ಹೆಚ್ಚೋ ಭೀತಿ ಹೆಚ್ಚೋ ತಿಳಿಯದಂಥ ಒಂದು ಛಾಯೆ. ಒಳಗೆ ಮಲಗಿದವನ ವಿಷಯವಾಗಿ ವೈದ್ಯರೂ ಸಮಾಜ ಸುಧಾರಕರೂ ಬೇಕಾದಷ್ಟು ಬರೆದಿದ್ದಾರೆ. ಹೊರಗೆ ಕಾದು ನಿಂತವಳ ವಿಷಯವಾಗಿ ಬರೆದವರು ವಿರಳ. ಹಾಗೆ ಹೊರಗೆ ನಿಂತವಳೊಬ್ಬಳು ತನ್ನ ಅನುಭವವನ್ನೇ ಲೋಕಕ್ಕೆ ಮದ್ದಾಗಿ ಅರೆದುಕೊಟ್ಟು ಹೋದ ಕಥೆಯನ್ನು ಇಂದು ನಾವು ಹೇಳಲಿದ್ದೇವೆ.

ಅದಕ್ಕೆ ಮೊದಲು ನಮ್ಮದೊಂದು ತಪ್ಪೊಪ್ಪಿಗೆಯುಂಟು. ಪತ್ರಿಕೆಯ ಮೇಜಿಗೆ ಬರುವ ಮುನ್ನ ನಾವು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು. ಆ ಕಾಲದಲ್ಲಿ ನಮ್ಮಲ್ಲಿ ದೋಸೆಯ ಕಾವಲಿಗೆ ನಿಲ್ಲುತ್ತಿದ್ದ ಭಟ್ಟರೊಬ್ಬರಿದ್ದರು. ಕೈಗುಣ ಬಲು ಒಳ್ಳೆಯದು. ಕುಡಿತ ಮಾತ್ರ ಅವರನ್ನು ತಿನ್ನುತ್ತಿತ್ತು. ಕೊನೆಗೆ ಒಂದು ಆಸ್ಪತ್ರೆಗೆ ಸೇರಿಸಿದೆವು. ಊರಿನಿಂದ ಅವರ ಹೆಂಡತಿ ಬಂದಿಳಿದರು. ಮೊದಲ ಭೇಟಿಗೆ ಆ ತಾಯಿಯೊಡನೆ ನಾವೂ ಹೋದೆವು. ಭಟ್ಟರು ಅತ್ತರು, ಹೆಂಡತಿಯೂ ಅತ್ತರು, ನಮ್ಮ ಕರುಳೂ ಕರಗಿತು. ಹೊರಡುವಾಗ ಚಹಾ ಕುಡಿಯಲಿಕ್ಕೆ ಇರಲಿ ಎಂದು ಐನೂರರ ನೋಟೊಂದನ್ನು ಯಾರಿಗೂ ಕಾಣದಂತೆ ಅವರ ಅಂಗೈಯಲ್ಲಿ ಒತ್ತಿ ಬಂದೆವು. ಮರುದಿನ ಬೆಳಗಾಗುವಾಗ ಅವರ ಮಂಚ ಬರಿದಾಗಿತ್ತು. ನಾವು ಕೊಟ್ಟದ್ದು ಕರುಣೆಯೆಂದು ತಿಳಿದಿದ್ದೆವು. ಅದು ಸೆರೆಯಂಗಡಿಯ ದಾರಿಯ ಖರ್ಚಾಗಿತ್ತು. ಲೋಯಿಸ್ ವಿಲ್ಸನ್ ಎಂಬಾಕೆಯ ಚರಿತ್ರೆಯನ್ನು ನಾವು ಅರಸಿ ಓದಿದ್ದು ಆ ನೋಟಿನ ದೆಸೆಯಿಂದಲೇ.

ವೈದ್ಯರ ಮಗಳು, ಛತ್ರದ ಮೊಮ್ಮಗ

ಲೋಯಿಸ್ ಬರ್ನಹಮ್ ಹುಟ್ಟಿದ್ದು 1891ನೆಯ ಮಾರ್ಚ್ 4ರಂದು, ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ. ತಂದೆ ಹೆಸರಾಂತ ವೈದ್ಯರು. ಕ್ಲಿಂಟನ್ ಬೀದಿಯ 182ನೆಯ ನಂಬರಿನ ಮನೆ ಅವರದು. ಮಕ್ಕಳಲ್ಲಿ ಲೋಯಿಸ್ ಹಿರಿಯಳು. ಒಳ್ಳೆಯ ಶಾಲೆ, ಚಿತ್ರಕಲೆಯ ಅಭ್ಯಾಸ, ಬೇಸಗೆಯಲ್ಲಿ ವರ್ಮಾಂಟ್ ಪ್ರಾಂತದ ಸರೋವರದ ದಡದಲ್ಲಿ ವಾಸ. ಇಂಥ ಮನೆಯಲ್ಲಿ ಬೆಳೆದವಳು ಕೊರತೆಯೆಂಬುದನ್ನು ಕಂಡವಳಲ್ಲ.

ಆ ವರ್ಮಾಂಟಿನಲ್ಲಿಯೇ ಆಕೆಗೆ ಬಿಲ್ ವಿಲ್ಸನ್ನನ ಪರಿಚಯವಾಯಿತು. ಆತ ಹುಟ್ಟಿದ್ದು 1895ನೆಯ ನವೆಂಬರ್ 26ರಂದು, ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ, ತಂದೆಯ ಮನೆತನದವರು ನಡೆಸುತ್ತಿದ್ದ ವಸತಿಗೃಹದ ಪಾನಗೃಹಕ್ಕೆ ಹಿಂಬದಿಯ ಕೋಣೆಯಲ್ಲಿ. ಹೋಟೆಲಿನವರಾದ ನಮಗೆ ಈ ಸಂಗತಿ ಓದಿದಾಗ ಎದೆ ಒಮ್ಮೆ ಝಲ್ಲೆಂದಿತು. ಆತ ಹತ್ತು ಹನ್ನೊಂದರ ಬಾಲಕನಾಗಿದ್ದಾಗ ತಂದೆತಾಯಿಗಳು ಬೇರ್ಪಟ್ಟರು. ತಾಯಿಯ ತಂದೆಯ ಮನೆಯಲ್ಲಿ ಬೆಳೆದ ಹುಡುಗ ಚುರುಕು ಬುದ್ಧಿಯವನು, ಆದರೆ ಒಳಗೊಳಗೇ ಅಧೈರ್ಯದವನು. ವಯಸ್ಸಿನಲ್ಲಿ ತನಗಿಂತ ನಾಲ್ಕು ವರ್ಷ ಕಿರಿಯನಾದ, ಹಣವಿಲ್ಲದ ಈ ಯುವಕನನ್ನು ಲೋಯಿಸ್ ಮೆಚ್ಚಿದಳು. ಮೊದಲ ಮಹಾಯುದ್ಧದ ಕಾಲವದು. ಆತ ಸೈನ್ಯಕ್ಕೆ ಸೇರಿದ್ದನು. ಯಾವ ಗಳಿಗೆಯಲ್ಲಿ ಕಡಲಾಚೆಗೆ ಕಳುಹಿಸುವರೋ ಎಂದು ಮುಹೂರ್ತವನ್ನು ಮುಂದಕ್ಕೆ ತಂದು 1918ನೆಯ ಜನವರಿ 24ರಂದು ಮದುವೆಯಾದರು.

ಆದರೆ ಮದುವೆಗೆ ಕೆಲವೇ ತಿಂಗಳ ಹಿಂದೆ, 1917ರಲ್ಲಿ, ಇನ್ನೊಂದು ಸಂಬಂಧವೂ ಬೆಸೆದುಹೋಗಿತ್ತು. ಸೈನಿಕರನ್ನು ಉಪಚರಿಸುತ್ತಿದ್ದ ಶ್ರೀಮಂತರೊಬ್ಬರ ಮನೆಯಲ್ಲಿ ಬಿಲ್ ತನ್ನ ಮೊದಲ ಪಾನವನ್ನು ಮಾಡಿದ್ದನು. ಸಂಕೋಚದ ಮುದ್ದೆಯಾಗಿದ್ದವನಿಗೆ ಒಮ್ಮೆಲೇ ನಾಲಗೆ ಬಂತು, ಹೆಗಲು ಹಗುರವಾಯಿತು. ಆ ಹಗುರಕ್ಕೆ ಆತ ಮುಂದಿನ ಹದಿನೇಳು ವರ್ಷ ಬಡ್ಡಿ ಕಟ್ಟಿದನು. ಆ ಬಡ್ಡಿಯಲ್ಲಿ ಅರ್ಧ ಪಾಲನ್ನು ಹೆಂಡತಿ ಕಟ್ಟಿದಳು.

ಹೆಂಡತಿಯ ಉಪಾಯಗಳು

ಯುದ್ಧ ಮುಗಿದು ಬಂದ ಬಿಲ್ ಕಾನೂನು ಓದಿದನು; ಕುಡಿತದ ದೆಸೆಯಿಂದ ಪದವಿಯ ಪತ್ರವನ್ನು ಪಡೆಯದೆ ಹೋದನು. ಶೇರು ಪೇಟೆಯಲ್ಲಿ ಅದೃಷ್ಟ ನೋಡಿದನು. ಲೋಯಿಸ್ ಮೂರು ಬಾರಿ ಬಸುರಾದಳು. ಮೂರು ಬಾರಿಯೂ ಗರ್ಭವು ಗರ್ಭಕೋಶದ ಹೊರಗೆ ನಿಂತು ಕೈಗೂಡದೆ, ಶಸ್ತ್ರಚಿಕಿತ್ಸೆಯ ಬಳಿಕ ಮಕ್ಕಳ ಆಸೆಯೇ ಕಡಿಯಿತು. ದತ್ತು ತೆಗೆದುಕೊಳ್ಳುವ ಪ್ರಯತ್ನವೂ ಫಲಿಸಲಿಲ್ಲ. ತಾಯ್ತನಕ್ಕೆ ಮೀಸಲಾದ ಮಮತೆಯೆಲ್ಲ ಗಂಡನನ್ನು ಕಾಯುವ ಕೆಲಸಕ್ಕೆ ತಿರುಗಿತು.

1925ರಲ್ಲಿ ಬಿಲ್‌ಗೆ ಒಂದು ವಿಚಾರ ಹೊಳೆಯಿತು. ಕಾರಖಾನೆಗಳನ್ನು ಕಣ್ಣಾರೆ ನೋಡದೆ ಜನರು ಶೇರು ಕೊಳ್ಳುತ್ತಾರೆ. ನೋಡಿ ವರದಿ ಬರೆದುಕೊಟ್ಟರೆ ಲಾಭವುಂಟು ಎಂದು. ಪಕ್ಕಕ್ಕೆ ತೊಟ್ಟಿಲುಗಾಡಿ ಜೋಡಿಸಿದ ಮೋಟಾರ್ ಸೈಕಲ್ಲಿನಲ್ಲಿ ಡೇರೆ, ಹಾಸಿಗೆ, ಒಲೆ ಹೇರಿಕೊಂಡು ದಂಪತಿಗಳು ಸುಮಾರು ಒಂದು ವರ್ಷ ಊರೂರು ಸುತ್ತಿದರು. ಬಿಲ್‌ಗೆ ಅದು ವ್ಯಾಪಾರದ ಯಾತ್ರೆ. ಲೋಯಿಸಳಿಗೆ ಗಂಡನನ್ನು ನಗರದ ಪಾನಗೃಹಗಳಿಂದ ದೂರ ಒಯ್ಯುವ ಉಪಾಯ. ಹೊಲದ ಅಂಚಿನಲ್ಲಿ ಡೇರೆ ಹೂಡಿದ ದಿನಗಳಲ್ಲಿ ಆತ ಎಷ್ಟೋ ಬಾರಿ ಕುಡಿಯದೆ ಇದ್ದದ್ದುಂಟು. ಆದರೆ ಡೇರೆಯನ್ನು ಎಂದಾದರೊಂದು ದಿನ ಕೀಳಲೇಬೇಕಷ್ಟೆ!

ಯಾತ್ರೆಯಿಂದ ಹಣ ಬಂತು, ಹಣದೊಂದಿಗೆ ಕುಡಿತವೂ ಬೆಳೆಯಿತು. ಇನ್ನು ಮುಟ್ಟುವುದಿಲ್ಲವೆಂದು ಮನೆಯ ಬೈಬಲ್ ಗ್ರಂಥದಲ್ಲಿ ಬಿಲ್ ಹೆಂಡತಿಗೆ ಬರೆದುಕೊಟ್ಟನು. ಒಂದು ಸಲವಲ್ಲ, ಹಲವು ಸಲ. ನಮ್ಮಲ್ಲಿ ಮಂಜುನಾಥನ ಮೇಲೆ ಆಣೆಯಿಟ್ಟಂತೆಯೇ ಅದು. ಆಣೆಯಿಡುವಾಗ ಆತ ಸುಳ್ಳಾಡುತ್ತಿರಲಿಲ್ಲ. ಮುರಿಯುವಾಗ ಆತನ ಕೈಯಲ್ಲಿ ಆತನಿರಲಿಲ್ಲ. ಈ ಎರಡೂ ಮಾತು ಒಟ್ಟಿಗೆ ಸತ್ಯವೆಂಬುದನ್ನು ಮನೆಯವರು ನಂಬುವುದೇ ಕಷ್ಟ.

1929ನೆಯ ಅಕ್ಟೋಬರಿನಲ್ಲಿ ಶೇರು ಪೇಟೆ ಕುಸಿದಾಗ ಬಿಲ್‌ನ ಸಂಪತ್ತೂ ಕುಸಿಯಿತು. ದಂಪತಿಗಳು ಕ್ಲಿಂಟನ್ ಬೀದಿಯ ತವರುಮನೆಯನ್ನು ಸೇರಿದರು. 1930ರ ಕೊನೆಯಲ್ಲಿ ಲೋಯಿಸಳ ತಾಯಿ ತೀರಿಕೊಂಡಾಗ ಅಳಿಯನು ಕುಡಿದ ಅಮಲಿನಲ್ಲಿದ್ದನು. ವೈದ್ಯರ ಮಗಳು ಮೇಸೀಸ್ ಎಂಬ ದೊಡ್ಡ ಅಂಗಡಿಯಲ್ಲಿ ಮಾರಾಟದ ಕೆಲಸಕ್ಕೆ ನಿಂತಳು. ಹಗಲು ಅಲ್ಲಿ ಕಾಲ ಮೇಲೆ ನಿಲ್ಲುವುದು; ಸಂಜೆ ಮನೆಗೆ ಬಂದರೆ ಗಂಡನು ಯಾವ ಸ್ಥಿತಿಯಲ್ಲಿರುವನೋ ಎಂದು ಬಾಗಿಲು ತೆರೆಯಲು ಅಂಜುವುದು. ಹೀಗೆ ವರ್ಷಗಳು ಸಂದವು.

ನಾಲ್ಕು ಬಾರಿ ಆಸ್ಪತ್ರೆ

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಪಡುವಣ ಮಗ್ಗುಲಲ್ಲಿ ಟೌನ್ಸ್ ಆಸ್ಪತ್ರೆ ಎಂಬುದೊಂದಿತ್ತು. ಮದ್ಯ ಮತ್ತು ಮಾದಕ ದ್ರವ್ಯಗಳ ಚಟಕ್ಕೆ ಸಿಕ್ಕವರನ್ನು ಇರಿಸಿಕೊಂಡು ಬೆಲಡೋನಾ ಮುಂತಾದ ಔಷಧಗಳಿಂದ ಮೈಯ ವಿಷವನ್ನು ಇಳಿಸುವ ಸ್ಥಳವದು. ಖರ್ಚು ಸಾಮಾನ್ಯದ್ದಲ್ಲ. ಬಿಲ್‌ನ ತಂಗಿಯ ಗಂಡನು ವೈದ್ಯನಾಗಿದ್ದು, ಆ ಖರ್ಚನ್ನು ವಹಿಸಿಕೊಂಡನು. 1933ರಿಂದ 1934ರ ಡಿಸೆಂಬರ್ ವರೆಗೆ ಬಿಲ್ ಅಲ್ಲಿಗೆ ನಾಲ್ಕು ಬಾರಿ ಸೇರಿದನು.

ಮೊದಲ ಬಾರಿಗೆ ಲೋಯಿಸಳಿಗೆ ಆದ ಸಮಾಧಾನವನ್ನು ಅನುಭವಿಸಿದವರೇ ಬಲ್ಲರು. ಅಲ್ಲಿಯ ವೈದ್ಯರಾದ ವಿಲಿಯಂ ಸಿಲ್ಕ್‌ವರ್ತ್ ಎಂಬ ಸಜ್ಜನರು ಅಂದಿನ ಲೋಕ ಹೇಳುತ್ತಿದ್ದುದಕ್ಕಿಂತ ಬೇರೆಯದನ್ನೇ ಹೇಳುತ್ತಿದ್ದರು. ಇದು ದುರ್ನಡತೆಯಲ್ಲ, ರೋಗ. ಮೈಗೆ ಮದ್ಯ ಒಗ್ಗದು, ಮನಸ್ಸು ಮದ್ಯವನ್ನು ಬಿಡದು. ಇವೆರಡೂ ಸೇರಿದಲ್ಲಿ ಸಂಕಲ್ಪಬಲವೊಂದೇ ಸಾಲದು ಎಂಬುದು ಅವರ ಅಭಿಪ್ರಾಯ. ರೋಗದ ಹೆಸರು ತಿಳಿಯಿತು, ಇನ್ನು ವಾಸಿಯಾದಂತೆಯೇ ಎಂದು ದಂಪತಿಗಳು ಹಿಗ್ಗಿದರು. ಹಿಗ್ಗು ಬಹಳ ದಿನ ನಿಲ್ಲಲಿಲ್ಲ.

ಮತ್ತೆ ಸೇರಿಸುವುದು, ಮತ್ತೆ ಮನೆಗೆ ಕರೆತರುವುದು. 1934ರ ಒಂದು ಭೇಟಿಯಲ್ಲಿ, ರೋಗಿಯು ಮಹಡಿಯ ಮೇಲೆ ಮಲಗಿರಲು, ಡಾಕ್ಟರರು ಲೋಯಿಸಳಿಗೆ ಮರೆಮಾಚದೆ ನಿಜವನ್ನು ತಿಳಿಸಿದರು. ಈ ಗತಿಯಲ್ಲಿ ನಡೆದರೆ ಆತನ ಹೃದಯವೋ ಮಿದುಳೋ ಕೆಡುವುದಕ್ಕೆ ಬಹಳ ಕಾಲ ಹಿಡಿಯದು. ಕೂಡಿಹಾಕಿ ಇರಿಸಬೇಕು, ಇಲ್ಲವಾದರೆ ಹುಚ್ಚಿಗೋ ಮರಣಕ್ಕೋ ಒಪ್ಪಿಸಬೇಕು ಎಂಬುದು ಅದರ ತಾತ್ಪರ್ಯ. ಹದಿನಾರು ವರ್ಷ ಹೆಂಡತಿಯಾಗಿ ಮಾಡಿದ ಕಾವಲೆಲ್ಲ ವ್ಯರ್ಥವೆಂದು ತಿಳಿದ ಆ ಗಳಿಗೆಯಲ್ಲಿ ಆಕೆಯ ಮನಸ್ಸು ಏನಾಗಿರಬೇಡ! ಆದರೂ ಆಕೆ ಮರುದಿನ ಅಂಗಡಿಯ ಕೆಲಸಕ್ಕೆ ಹೋಗಲೇಬೇಕಾಗಿತ್ತು. ಮನೆ ಸಾಗುತ್ತಿದ್ದುದು ಆ ಸಂಬಳದಲ್ಲಿ.

ನವೆಂಬರಿನಲ್ಲಿ ಬಿಲ್‌ನ ಹಳೆಯ ಕುಡುಕ ಗೆಳೆಯನಾದ ಎಬಿ ಥ್ಯಾಚರ್ ಎಂಬಾತ ಮನೆಗೆ ಬಂದನು. ಆತ ಕುಡಿಯುವುದನ್ನು ನಿಲ್ಲಿಸಿದ್ದನು. ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಬಳಗವನ್ನು ಸೇರಿ, ತನ್ನ ತಪ್ಪುಗಳನ್ನು ಒಪ್ಪಿಕೊಂಡು, ದೇವರಿಗೆ ಶರಣಾಗಿ ಬದುಕುತ್ತಿದ್ದೇನೆಂದು ಅಡಿಗೆಮನೆಯ ಮೇಜಿನ ಬಳಿ ಕುಳಿತು ಹೇಳಿದನು. ಕೇಳುತ್ತಿದ್ದ ಬಿಲ್‌ನ ಮುಂದೆ ಮದ್ಯದ ಲೋಟವಿತ್ತು. ಅದಾದ ಕೆಲವು ದಿನಗಳಲ್ಲಿ, 1934ನೆಯ ಡಿಸೆಂಬರ್ 11ರಂದು, ದಾರಿಯಲ್ಲಿ ಕೊಂಡ ಬಿಯರನ್ನು ಕುಡಿದೇ ಆತ ನಾಲ್ಕನೆಯ ಬಾರಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿದನು. ಅದು ಆತನ ಕೊನೆಯ ಕುಡಿತ.

ಎಬಿ ಅಲ್ಲಿಗೂ ಭೇಟಿಗೆ ಬಂದನು. ಉಪದೇಶ ಮಾಡಲಿಲ್ಲ, ತಾನು ಮಾಡಿದ್ದೇನೆಂಬುದನ್ನು ಮತ್ತೊಮ್ಮೆ ಹೇಳಿ ಹೋದನು. ಡಿಸೆಂಬರ್ 14ರ ಸುಮಾರಿಗೆ, ನಿರಾಶೆಯ ತಳವನ್ನು ಮುಟ್ಟಿದ ಬಿಲ್‌ಗೆ ತನ್ನ ಕೋಣೆಯೆಲ್ಲ ಬೆಳಕಿನಿಂದ ತುಂಬಿದಂಥ ಅನುಭವವಾಯಿತು. ಅದು ದೈವಕೃಪೆಯೋ, ಔಷಧದ ಪರಿಣಾಮವೋ ಎಂಬ ಚರ್ಚೆ ಇಂದಿಗೂ ಉಂಟು. ತನಗೆ ಹುಚ್ಚು ಹಿಡಿಯಿತೇ ಎಂದು ಆತ ವೈದ್ಯರನ್ನೇ ಕೇಳಿದನು. ಹುಚ್ಚಲ್ಲ, ದೊರೆತದ್ದನ್ನು ಬಿಡಬೇಡ ಎಂಬ ಅರ್ಥದ ಭರವಸೆಯನ್ನು ಸಿಲ್ಕ್‌ವರ್ತ್ ಕೊಟ್ಟರು. ಆ ಸಲದ ಭೇಟಿಗೆ ಬಂದ ಲೋಯಿಸ್ ಗಂಡನ ಕಣ್ಣುಗಳನ್ನು ಕಂಡೊಡನೆಯೇ ಬದಲಾವಣೆಯನ್ನು ಗುರುತಿಸಿದಳೆಂದು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಡಿಸೆಂಬರ್ 18ರಂದು ಆತ ಮನೆಗೆ ಬಂದನು. ಅಲ್ಲಿಂದ ಸಾಯುವ ತನಕ ಮದ್ಯ ಮುಟ್ಟಲಿಲ್ಲ.

ಎಸೆದ ಪಾದರಕ್ಷೆ

ಸಾಮಾನ್ಯವಾಗಿ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ಲೋಯಿಸಳ ಕಥೆ ಇಲ್ಲಿಂದ ಮೊದಲಾಗುತ್ತದೆ.

1935ನೆಯ ಮೇ ತಿಂಗಳಲ್ಲಿ ಬಿಲ್ ವ್ಯಾಪಾರದ ನಿಮಿತ್ತ ಒಹಾಯೋ ಪ್ರಾಂತದ ಆಕ್ರನ್ ನಗರಕ್ಕೆ ಹೋದನು. ವ್ಯವಹಾರ ಕೆಟ್ಟಿತು. ಹೋಟೆಲಿನ ಹಜಾರದಲ್ಲಿ ನಿಂತಾಗ ಒಂದು ಬದಿಯಿಂದ ಪಾನಗೃಹದ ಕಲರವ ಕೇಳುತ್ತಿತ್ತು. ಅತ್ತ ಹೋಗದೆ ದೂರವಾಣಿಯನ್ನು ಎತ್ತಿಕೊಂಡು, ತನ್ನಂತೆಯೇ ನರಳುತ್ತಿರುವ ಇನ್ನೊಬ್ಬನನ್ನು ಹುಡುಕಿಕೊಡಿರೆಂದು ಅಪರಿಚಿತರನ್ನು ಬೇಡಿದನು. ಹಾಗೆ ದೊರೆತವರು ಶಸ್ತ್ರವೈದ್ಯರಾದ ಡಾಕ್ಟರ್ ಬಾಬ್ ಸ್ಮಿತ್. ಅವರು ಕೊನೆಯ ಬಾರಿ ಕುಡಿದದ್ದೆಂದು ಎಣಿಸಲಾದ ದಿನ 1935ನೆಯ ಜೂನ್ 10. ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಹುಟ್ಟಿದ ದಿನ. ಆ ತಿಂಗಳ ಕೊನೆಯಲ್ಲಿ ಇವರಿಬ್ಬರೂ ಆಕ್ರನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದ ಒಬ್ಬ ವಕೀಲರನ್ನು ಕಾಣಲು ಹೋದರು. ಆತನೇ ಮೂರನೆಯ ಸದಸ್ಯನಾದನು. ಲೋಕವನ್ನೆಲ್ಲ ಹಬ್ಬಿದ ಒಂದು ಸಂಘವು ಕಟ್ಟಲ್ಪಟ್ಟದ್ದು ಆಸ್ಪತ್ರೆಯ ಮಂಚದ ಬಳಿಯ ಭೇಟಿಗಳಿಂದ ಎಂಬುದು ಗಮನಾರ್ಹ.

ಇತ್ತ ಕ್ಲಿಂಟನ್ ಬೀದಿಯ ಮನೆಯು ಕುಡುಕರ ಆಶ್ರಯವಾಯಿತು. ಬಿಲ್ ಕರೆತಂದವರಿಗೆಲ್ಲ ಲೋಯಿಸ್ ಅಡಿಗೆ ಮಾಡಿ ಬಡಿಸಿದಳು. ಹಗಲು ಅಂಗಡಿಯ ಕೆಲಸವನ್ನೂ ಕೆಲಕಾಲ ಬಿಡಲಿಲ್ಲ. ಅವರಲ್ಲಿ ಒಬ್ಬನು ಆ ಮನೆಯಲ್ಲಿಯೇ ಪ್ರಾಣ ಕಳೆದುಕೊಂಡದ್ದೂ ಉಂಟು. ಬಯಸಿದ್ದು ಕೈಗೆ ಬಂದಿತ್ತು, ಗಂಡನು ಕುಡಿಯುತ್ತಿರಲಿಲ್ಲ. ಆದರೂ ಆಕೆಯ ಮನಸ್ಸಿಗೆ ನೆಮ್ಮದಿಯಿಲ್ಲ. ಒಂದು ದಿನ ಸಭೆಗೆ ಹೊತ್ತಾಯಿತು, ಬೇಗ ಹೊರಡೆಂದು ಬಿಲ್ ಸಹಜವಾಗಿ ಹೇಳಿದ್ದಕ್ಕೆ ಆಕೆ ಕೈಯಲ್ಲಿದ್ದ ಪಾದರಕ್ಷೆಯನ್ನು ಸಿಟ್ಟಿನಿಂದ ಎಸೆದುಬಿಟ್ಟಳು.

ಎಸೆದ ಮೇಲೆ ಆಕೆಯೇ ಬೆರಗಾದಳು. ಗಂಡನು ಕುಡಿಯುತ್ತಿದ್ದಾಗ ಎಸೆಯದಿದ್ದವಳು ಬಿಟ್ಟ ಮೇಲೇಕೆ ಎಸೆದಳು? ಯೋಚಿಸುತ್ತ ಹೋದಂತೆ ಉತ್ತರ ದೊರೆಯಿತು. ಹದಿನೇಳು ವರ್ಷ ತಾನು ಪ್ರೀತಿಯಿಂದ, ಅಳುವಿನಿಂದ, ಕಾವಲಿನಿಂದ ಮಾಡಲಾರದ್ದನ್ನು ಅನ್ಯರು ಕೆಲವು ದಿನಗಳಲ್ಲಿ ಮಾಡಿದರಲ್ಲ ಎಂಬ ನೋವು ಆಕೆಯನ್ನು ಒಳಗಿನಿಂದ ಸುಡುತ್ತಿತ್ತು. ಆತನನ್ನು ನಡೆಸುವುದೇ ತನ್ನ ಬಾಳಿನ ಉದ್ಯೋಗವಾಗಿತ್ತು. ಆ ಉದ್ಯೋಗ ಹೋಗಿತ್ತು. ಕುಡಿತದ ರೋಗವು ಕುಡಿಯುವವನೊಬ್ಬನನ್ನೇ ಹಿಡಿಯುವುದಿಲ್ಲ, ಮನೆಯವರನ್ನೂ ಬೇರೊಂದು ರೂಪದಲ್ಲಿ ಹಿಡಿಯುತ್ತದೆ ಎಂಬುದು ಆಕೆ ಕಂಡುಕೊಂಡ ಸತ್ಯ. ರೋಗಿಯಷ್ಟೇ ತನಗೂ ಚಿಕಿತ್ಸೆ ಬೇಕೆಂದು ಒಪ್ಪಿಕೊಂಡ ಆ ಗಳಿಗೆಗಾಗಿ ನಾವು ಆಕೆಗೆ ನಮಿಸುತ್ತೇವೆ.

ಮನೆಯವರ ಸಂಘ

1939ರಲ್ಲಿ ಸಂಘದ ಹೆಸರಿನದೇ ಆದ ಗ್ರಂಥವು ಹೊರಬಂದ ತಿಂಗಳಲ್ಲಿಯೇ ಸಾಲದ ದೆಸೆಯಿಂದ ಕ್ಲಿಂಟನ್ ಬೀದಿಯ ಮನೆ ಕೈಬಿಟ್ಟಿತು. ನಲವತ್ತೆಂಟರ ವಯಸ್ಸಿನಲ್ಲಿ ಲೋಯಿಸ್ ನಿರ್ವಸಿತಳಾದಳು. ಎರಡು ವರ್ಷಗಳಲ್ಲಿ ಐವತ್ತಕ್ಕೂ ಹೆಚ್ಚು ಕಡೆಗಳಲ್ಲಿ, ಅವರಿವರ ಮನೆಗಳಲ್ಲಿ, ಗಂಟುಮೂಟೆ ಬಿಚ್ಚಿ ಕಟ್ಟಿದರು. ಪರವೂರಿನಲ್ಲಿ ಬಿಡಾರ ಬದಲಿಸುತ್ತ ಬದುಕಿದ ನಮ್ಮವರಿಗೆ ಈ ಮಾತಿನ ಭಾರ ತಿಳಿಯದ್ದಲ್ಲ. 1941ರಲ್ಲಿ ನ್ಯೂಯಾರ್ಕಿನ ಉತ್ತರಕ್ಕೆ ಬೆಡ್‌ಫರ್ಡ್ ಹಿಲ್ಸಿನಲ್ಲಿ ಒಂದು ಮನೆ ದೊರೆಯಿತು. ಸ್ಟೆಪಿಂಗ್ ಸ್ಟೋನ್ಸ್ ಎಂದು ಅದಕ್ಕೆ ಹೆಸರಿಟ್ಟರು.

ಗಂಡಂದಿರು ಸಭೆಯಲ್ಲಿರುವಾಗ ಹೆಂಡಿರು ಅಡಿಗೆಮನೆಯಲ್ಲಿಯೋ ಹೊರಗೆ ಕಾರಿನಲ್ಲಿಯೋ ಕಾದಿರುತ್ತಿದ್ದರು. ಕಾಯುವವರೊಡನೆ ಲೋಯಿಸ್ ಮಾತಿಗೆ ಕುಳಿತಳು. ತನ್ನ ಗಂಡನ ದೂರನ್ನಲ್ಲ, ತನ್ನ ಪಾದರಕ್ಷೆಯ ಕಥೆಯನ್ನು ಹೇಳಿದಳು. ಕೇಳಿದವರು ತಮ್ಮ ತಮ್ಮ ಕಥೆಗಳನ್ನು ಹೇಳಿದರು. ಇಂಥ ಕೂಟಗಳು ಊರೂರಿನಲ್ಲಿ ತಾವಾಗಿಯೇ ಎದ್ದವು. 1951ರಲ್ಲಿ, ಅರುವತ್ತರ ವಯಸ್ಸಿನಲ್ಲಿ, ಲೋಯಿಸ್ ನೆರೆಯ ಗೆಳತಿಯೊಬ್ಬಳನ್ನು ಜೊತೆಗೂಡಿ ಅಂಥ 87 ಕೂಟಗಳಿಗೆ ಕಾಗದ ಬರೆದಳು. ಹೀಗೆ ಆಲ್-ಅನಾನ್ ಎಂಬ ಮನೆಯವರ ಸಂಘವು ಒಂದುಗೂಡಿತು. 1957ರಲ್ಲಿ ಕುಡುಕರ ಮಕ್ಕಳಿಗಾಗಿ ಆಲಟೀನ್ ಎಂಬ ಶಾಖೆಯೂ ಹುಟ್ಟಿತು.

ಅಲ್ಲಿಯ ಬೋಧೆಯ ಸಾರ ಇಷ್ಟೇ: ಈ ರೋಗವನ್ನು ತಂದವರು ಮನೆಯವರಲ್ಲ, ಅದನ್ನು ಹಿಡಿತದಲ್ಲಿಡುವುದೂ ವಾಸಿಮಾಡುವುದೂ ಅವರ ಕೈಯಲ್ಲಿಲ್ಲ. ಆದರೆ ತಮ್ಮ ಬಾಳನ್ನು ತಾವು ಸರಿಪಡಿಸಿಕೊಳ್ಳುವುದು ಅವರ ಕೈಯಲ್ಲಿದೆ. ಕೇಳಲು ಕಠೋರವಾದ ಮಾತು. ಆದರೆ ಕುಡುಕನ ತಾಯಿಗೆ, ಹೆಂಡತಿಗೆ, ಹಗಲಿರುಳು ತನ್ನದೇ ತಪ್ಪೆಂದು ಕೊರಗುವವಳಿಗೆ, ಇದಕ್ಕಿಂತ ತಂಪಾದ ಮಾತು ಇನ್ನಾವುದು?

ಲೋಯಿಸಳ ಮುಂದಿನ ಬಾಳೂ ಹೂವಿನ ಹಾಸಿಗೆಯಾಗಿರಲಿಲ್ಲ. ಬಿಲ್ ವರ್ಷಗಟ್ಟಲೆ ಖಿನ್ನತೆಯಿಂದ ಬಳಲಿದನು. ಪತಿಯಾಗಿ ಆತ ನಿಷ್ಕಳಂಕನಾಗಿರಲಿಲ್ಲವೆಂದೂ ಚರಿತ್ರಕಾರರು ಬರೆದಿದ್ದಾರೆ. ಮದ್ಯವನ್ನು ಬಿಟ್ಟವನು ಹೊಗೆಸೊಪ್ಪನ್ನು ಬಿಡಲಾರದೆ ಶ್ವಾಸಕೋಶಗಳನ್ನು ಕೆಡಿಸಿಕೊಂಡನು. 1971ನೆಯ ಜನವರಿ 24ರಂದು ಮಯಾಮಿಯಲ್ಲಿ ಕೊನೆಯುಸಿರೆಳೆದನು. ಅದು ಅವರ ಮದುವೆಯ ಐವತ್ತಮೂರನೆಯ ವರ್ಷದ ದಿನ. ಲೋಯಿಸ್ ಆ ಬಳಿಕವೂ ಹದಿನೇಳು ವರ್ಷ ಬದುಕಿ ದೇಶದೇಶಗಳ ಕೂಟಗಳನ್ನು ಕಂಡಳು. 1979ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದಳು. 1988ನೆಯ ಅಕ್ಟೋಬರ್ 5ರಂದು, ತೊಂಬತ್ತೇಳರ ಹಣ್ಣುವಯಸ್ಸಿನಲ್ಲಿ, ತೀರಿಕೊಂಡಳು. ಈಸ್ಟ್ ಡಾರ್ಸೆಟ್ಟಿನ ಮಣ್ಣಿನಲ್ಲಿ ಗಂಡನ ಪಕ್ಕದಲ್ಲಿಯೇ ಆಕೆಯ ಸಮಾಧಿಯಿದೆ.

ನಮ್ಮ ಬಾಗಿಲಲ್ಲಿ

ಆಕೆ ಕಂಡ ಸತ್ಯವನ್ನು ನಮ್ಮ ದೇಶದ ಚಿಕಿತ್ಸಾಲಯಗಳೂ ಬಲ್ಲವು. 1980ರಲ್ಲಿ ಮದರಾಸಿನಲ್ಲಿ ಶಾಂತಿ ರಂಗನಾಥನ್ ಅವರು, ಕುಡಿತಕ್ಕೆ ಪತಿಯನ್ನು ಕಳೆದುಕೊಂಡ ದುಃಖದಿಂದಲೇ ಎದ್ದು, ಕಟ್ಟಿದ ಸಂಸ್ಥೆಯು ಮನೆಯವರಿಗೂ ಚಿಕಿತ್ಸೆಯ ಭಾಗವನ್ನು ಗೊತ್ತುಪಡಿಸಿತು. 1986ರಲ್ಲಿ ಪುಣೆಯಲ್ಲಿ ಡಾ. ಅನಿತಾ ಅವಚಟ್ ಮತ್ತು ಅನಿಲ ಅವಚಟ್ ದಂಪತಿಗಳು ಆರಂಭಿಸಿದ ಮುಕ್ತಾಂಗಣದಲ್ಲಿ ರೋಗಿಗಳ ಪತ್ನಿಯರಿಗಾಗಿ ಸಹಚರಿ ಎಂಬ ಕೂಟ ಹುಟ್ಟಿತು. ನಮ್ಮ ಜಿಲ್ಲೆಗಳಲ್ಲಿ ಧರ್ಮಸ್ಥಳದ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿಯೂ ಮನೆಯವರನ್ನು ಕರೆಸಿ ಕೂರಿಸುವುದುಂಟು. ಮೊದಲ ಕೆಲವು ದಿನ ಭೇಟಿಯೇ ಬೇಡವೆಂದು ಎಷ್ಟೋ ಕಡೆ ನಿಯಮವಿರುತ್ತದೆ. ಅದು ನಿರ್ದಯೆಯಲ್ಲ. ಮೈ ವಿಷ ಇಳಿಸುವ ಆ ದಿನಗಳಲ್ಲಿ ರೋಗಿಯ ಬಾಯಲ್ಲಿ ಮನೆಗೆ ಕರೆದೊಯ್ಯಿರೆಂಬ ಮಾತೊಂದೇ ಇರುತ್ತದೆ. ಮನೆಯವರ ಕರುಳು ಅದನ್ನು ತಾಳಲಾರದು.

ಭೇಟಿಗೆ ಹೋಗುವವರಿಗೆ ಲೋಯಿಸಳ ಬಾಳಿನಿಂದ ನಾವು ಕಲಿತದ್ದನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಹಣ ಕೊಡಬೇಡಿ. ಆಣೆ ಹಾಕಿಸಬೇಡಿ. ಹಳೆಯ ಲೆಕ್ಕದ ಪುಸ್ತಕವನ್ನು ಮಂಚದ ಬಳಿ ಬಿಚ್ಚಬೇಡಿ. ಅಲ್ಲಿಯ ವೈದ್ಯರು ಮನೆಯವರಿಗೆಂದು ಸಭೆ ಕರೆದರೆ, ನಮಗೇನು ರೋಗ ಎಂದು ತಪ್ಪಿಸಿಕೊಳ್ಳಬೇಡಿ. ಸ್ವಲ್ಪ ಹೊತ್ತು ಸುಮ್ಮನೆ ಜೊತೆಯಲ್ಲಿ ಕುಳಿತು ಬನ್ನಿ.

ನಮ್ಮ ಭಟ್ಟರು ಓಡಿಹೋದ ಒಂಬತ್ತನೆಯ ದಿನ ರೈಲು ನಿಲ್ದಾಣದಲ್ಲಿ ದೊರೆತರು. ಅದೇ ಆಸ್ಪತ್ರೆಯವರು ಬೇಸರಿಸದೆ ಮತ್ತೆ ಸೇರಿಸಿಕೊಂಡರು. ಈ ಸಲದ ಭೇಟಿಗೆ ಹೊರಡುವ ಮುನ್ನ ಅವರ ಹೆಂಡತಿ ಗಲ್ಲಾಪೆಟ್ಟಿಗೆಯ ಬಳಿ ಬಂದು, ಧಣಿಗಳು ಕೈಚೀಲವನ್ನು ಇಲ್ಲಿಯೇ ಇರಿಸಿ ಬರಬೇಕೆಂದು ತಲೆತಗ್ಗಿಸಿ ಕೇಳಿಕೊಂಡರು. ನಾವೂ ತಲೆತಗ್ಗಿಸಿ ಇರಿಸಿದೆವು. ಆ ದಿನ ಭಟ್ಟರು ಅಳಲಿಲ್ಲ. ಮಳೆ ಹೇಗಿದೆ, ಗದ್ದೆ ನೆಟ್ಟಾಯಿತೇ, ದನ ಕರು ಹಾಕಿತೇ ಎಂದು ವಿಚಾರಿಸಿದರು. ಆಕೆ ಒಂದೊಂದಕ್ಕೂ ಉತ್ತರ ಹೇಳಿದರು. ಗಂಟೆ ಬಾರಿಸಿತು, ನಾವು ಎದ್ದೆವು.